ಕಾರಿನ ಮೇಲೆ ಬೆಕ್ಕು: ಸದ್ದಿನ ಪೆಟ್ಟಿಗೆ, ಕವರ್, ನೀರಿನ ಸ್ಪ್ರೇ, ಮುಳ್ಳಿನ ಮ್ಯಾಟ್

ಬೀದಿಯ ಬೆಕ್ಕು ಕಾರು ಹತ್ತಿ ಗೀರು ಹಾಕದಂತೆ ತಡೆಯುವ ಉಪಾಯಗಳಲ್ಲಿ ಯಾವುದು ನಡೆಯುತ್ತದೆ? ಮೊದಲೇ ಹೇಳಿಬಿಡುತ್ತೇನೆ, ಗೆದ್ದದ್ದು ಮುಳ್ಳಿನ ಮ್ಯಾಟ್. ಆನ್‌ಲೈನ್‌ನಲ್ಲಿ ತೋಟದ ಸಾಮಾನಿನ ಜೊತೆ ಸಿಗುವ ಪ್ಲಾಸ್ಟಿಕ್ ಜಾಲರಿ ಅದು, ಮೇಲೆಲ್ಲ ಎರಡು ಎರಡೂವರೆ ಸೆಂ.ಮೀ. ಎತ್ತರದ ಮೊಂಡು ಮುಳ್ಳು. ಆರು ತುಂಡಿಗೆ ಸುಮಾರು 600 ರೂಪಾಯಿ. ಹಳೇ ಪಂಚೆಗೆ ಹೊಲಿದು ಬಾನೆಟ್ ಮೇಲೆ ಹಾಸಿದರೆ ಮುಗಿಯಿತು. ನಮ್ಮ ಕಿವಿಗೆ ಕೇಳದಷ್ಟು ಕೀಚಲು ಸದ್ದು ಮಾಡಿ ಬೆಕ್ಕನ್ನು ಓಡಿಸುವ, ಅದರ ಮೂರು ಪಟ್ಟು ಬೆಲೆಯ ಅಲ್ಟ್ರಾಸಾನಿಕ್ ಪೆಟ್ಟಿಗೆ ಈಗ ಅಟ್ಟದ ಮೇಲಿದೆ. ಕವರ್ ಇದೆ, ಆದರೆ ಮಳೆಗಾಲಕ್ಕೆ ಮಾತ್ರ.

ಬೆಕ್ಕಿಗೆ ಕಾರಿನಿಂದ ಬೇಕಾದದ್ದು ಎರಡೇ: ಬಿಸಿ ಮತ್ತು ಎತ್ತರ. ಸಂಜೆ ಓಡಿಸಿ ತಂದು ನಿಲ್ಲಿಸಿದ ಕಾರಿನ ಬಾನೆಟ್ ಒಂದೆರಡು ಗಂಟೆಯಾದರೂ ಬೆಚ್ಚಗಿರುತ್ತದೆ. ಡಿಸೆಂಬರ್, ಜನವರಿಯಲ್ಲಿ ಬೆಂಗಳೂರಿನ ರಾತ್ರಿ 15 ಡಿಗ್ರಿ ಆಸುಪಾಸಿಗೆ ಇಳಿದಾಗ ಬೀದಿಯ ಬೆಕ್ಕು ಅದನ್ನು ಬಿಟ್ಟು ಇನ್ನೆಲ್ಲಿ ಮಲಗೀತು? ಮಲಗಿದ್ದರಿಂದ ಪೇಂಟ್‌ಗೆ ಏನೂ ಆಗುವುದಿಲ್ಲ. ಗೀರು ಬೀಳುವುದು ಹತ್ತುವಾಗ ಮತ್ತು ಇಳಿಯುವಾಗ. ಗಾಜಿನ ಮೇಲಿಂದ ಜಾರಿಕೊಂಡು ಬಂದು ವೈಪರ್ ಮುಂದೆ ಕಾಲೂರಿ ನಿಲ್ಲುತ್ತದಲ್ಲ, ಅಲ್ಲಿ ಅಕ್ಕಪಕ್ಕ ಮೂರು ನಾಲ್ಕು ಕೂದಲೆಳೆಯಂಥ ಗೆರೆ ಕಾಣುತ್ತವೆ. ಪೇಂಟ್‌ನ ಮೇಲಿನ ಕ್ಲಿಯರ್‌ಕೋಟ್ ಎಂಬ ಪಾರದರ್ಶಕ ಪದರ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ದಪ್ಪ. ಗೀರಿಗೆ ನೀರು ಹಚ್ಚಿದಾಗ ಅದು ಮಾಯವಾದರೆ ಕ್ಲಿಯರ್‌ಕೋಟ್‌ನಲ್ಲೇ ನಿಂತಿದೆ ಎಂದರ್ಥ, ಪಾಲಿಷ್‌ಗೆ ಹೋಗುತ್ತದೆ. ಒದ್ದೆಯಾದರೂ ಗೆರೆ ಕಾಣುತ್ತಿದ್ದರೆ ಪೇಂಟರ್ ಬೇಕು. ಅಂದ ಹಾಗೆ, ಉಗುರಿಗಿಂತ ಹೆಚ್ಚು ಗೀರು ಮಾಡುವುದು ಹೆಜ್ಜೆಯ ಕೆಸರು ಒಣಗಿದ ಮೇಲೆ ನಾವೇ ಒಣಬಟ್ಟೆಯಲ್ಲಿ ತಿಕ್ಕುವುದು. ಮೊದಲು ನೀರು ಸುರಿದು ಮರಳು ಇಳಿಸಿ, ಆಮೇಲೆ ಮೈಕ್ರೋಫೈಬರ್.

ಅಲ್ಟ್ರಾಸಾನಿಕ್ ಪೆಟ್ಟಿಗೆ ಸುಳ್ಳೇನಲ್ಲ. ಮನುಷ್ಯರ ಕಿವಿ 20 ಕಿಲೋಹರ್ಟ್ಸ್‌ಗೆ ನಿಂತರೆ ಬೆಕ್ಕಿನದು 60 ದಾಟುತ್ತದೆ, ಸದ್ದು ಅದಕ್ಕೆ ಖಂಡಿತ ಕೇಳುತ್ತದೆ. ತೊಂದರೆ ಇರುವುದು ಎಲ್ಲಿಡಬೇಕು ಎಂಬುದರಲ್ಲಿ. 20 ಕಿಲೋಹರ್ಟ್ಸ್ ಸದ್ದಿನ ತರಂಗ ಎರಡು ಸೆಂ.ಮೀ.ಗಿಂತ ಚಿಕ್ಕದು. ಅದು ಟಾರ್ಚ್ ಬೆಳಕಿನ ಹಾಗೆ ನೇರ ಹೋಗುತ್ತದೆ, ಅಡ್ಡ ಬಂದದ್ದರ ಹಿಂದೆ ನೆರಳು ಬೀಳುತ್ತದೆ. ಡಬ್ಬದ ಮೇಲೆ ಬರೆದ ಹಾಗೆ ನೆಲದಿಂದ ಒಂದಡಿ ಎತ್ತರದಲ್ಲಿ ಬಂಪರ್ ಮುಂದೆ ನೆಟ್ಟರೆ, ಬಾನೆಟ್ ಮೇಲೆ ಮಲಗಿದ ಬೆಕ್ಕು ಸರಿಯಾಗಿ ಆ ನೆರಳಿನಲ್ಲೇ ಇರುತ್ತದೆ. ಗೋಡೆಗೆ ಒಂದು ಮೀಟರ್ ಎತ್ತರದಲ್ಲಿ ಹಾಕಿದರೆ ಸದ್ದೇನೋ ತಲುಪುತ್ತದೆ, ಆದರೆ ಆ ಎತ್ತರದಿಂದ, ಯಾರಾದರೂ ಬಂದದ್ದನ್ನು ಗುರುತಿಸಿ ಪೆಟ್ಟಿಗೆಯನ್ನು ಕೂಗಿಸುವ ಸೆನ್ಸರ್‌ಗೆ ಗೇಟಿನ ಆಚೆಯ ರಸ್ತೆಯೂ ಕಾಣುತ್ತದೆ. ಹಾಲಿನವನು, ಪೇಪರ್ ಹುಡುಗ, ಸ್ಕೂಟರ್, ಎಲ್ಲದಕ್ಕೂ ಕೂಗಿ ಕೂಗಿ ಬ್ಯಾಟರಿ ಬರಿದು. ಪೋರ್ಟಿಕೋ ನೆರಳಿನಲ್ಲಿ ಸೋಲಾರ್ ಪ್ಯಾನೆಲ್ ಶೋಕಿಗೆ. ಬೇಸಿಗೆಯಲ್ಲಿ ಇನ್ನೊಂದು ರಗಳೆ: ಸೆನ್ಸರ್ ನೋಡುವುದು ಮೈಬಿಸಿಗೂ ಸುತ್ತಲ ಬಿಸಿಗೂ ಇರುವ ವ್ಯತ್ಯಾಸವನ್ನು, ಕಾಂಕ್ರೀಟು ಕಾದು 35 ಡಿಗ್ರಿ ಮೀರಿದಾಗ ಬೆಕ್ಕು ಅದರ ಕಣ್ಣಿಗೇ ಬೀಳುವುದಿಲ್ಲ. 18 ಕಿಲೋಹರ್ಟ್ಸ್ ಸೆಟ್ಟಿಂಗ್ ಮಕ್ಕಳಿಗೆ ಕೇಳುತ್ತದೆ, ಪಕ್ಕದ ಮನೆಯ ನಾಯಿಗಂತೂ ಎಲ್ಲ ಸೆಟ್ಟಿಂಗೂ. ನೀಲಿ ಕಣ್ಣಿನ ಬಿಳಿ ಬೆಕ್ಕುಗಳಲ್ಲಿ ಹುಟ್ಟು ಕಿವುಡು ಸಾಮಾನ್ಯ, ಅಂಥದ್ದು ನಿಮ್ಮ ಬೀದಿಯಲ್ಲಿದ್ದರೆ ಪೆಟ್ಟಿಗೆ ಕೊಳ್ಳುವ ಮಾತೇ ಬೇಡ.

ನೀಲಿ ನೀರಿನ ಬಾಟಲಿ: ಬೆಕ್ಕು ಅದಕ್ಕೇ ಮೈ ಉಜ್ಜುತ್ತದೆ.

ವಾಸನೆಯ ಮದ್ದುಗಳಲ್ಲಿ ಕಿತ್ತಳೆ ಸಿಪ್ಪೆ ಒಂದು ದಿನ ನಡೆಯುತ್ತದೆ, ಒಣಗಿದ ಮೇಲೆ ಕಸ. ಕಾಫಿ ಚರಟವೂ ಅಷ್ಟೇ. ನುಸಿ ಗುಳಿಗೆ ಮತ್ತು ಫಿನಾಯಿಲ್ ಬೇಡವೇ ಬೇಡ. ಬೆಕ್ಕಿನ ಯಕೃತ್ತಿಗೆ ಫೀನಾಲ್ ಜಾತಿಯ ವಸ್ತುಗಳನ್ನು ಕರಗಿಸಿ ಹೊರಹಾಕುವ ಶಕ್ತಿ ತೀರಾ ಕಡಿಮೆ, ಪಾದಕ್ಕೆ ಅಂಟಿದ್ದನ್ನು ನೆಕ್ಕಿಕೊಂಡರೂ ವಿಷವೇರುತ್ತದೆ. ನಾಫ್ತಲೀನ್ ಗುಳಿಗೆಯೂ ಅದಕ್ಕೆ ವಿಷವೇ. ಇನ್ನು ಕೆಲವರು ಅದೇ ಗುಳಿಗೆಯನ್ನು ವೈಪರ್ ಬುಡದ ಜಾಲರಿಯಲ್ಲಿ ಇಡುತ್ತಾರೆ. ಎ.ಸಿ.ಗೆ ಹೊರಗಿನ ಗಾಳಿ ಎಳೆದುಕೊಳ್ಳುವ ಬಾಯಿ ಅದೇ. ವಾರಗಟ್ಟಲೆ ಕಾರಿನೊಳಗೆ ಅಜ್ಜಿಯ ಟ್ರಂಕಿನ ವಾಸನೆ ಕುಡಿಯುವುದು ಬೆಕ್ಕಲ್ಲ, ನೀವು. ಖಾರದ ಪುಡಿಗೂ ಇದೇ ಮಾತು. ವಿಷ ಹಾಕುವ ಯೋಚನೆ ಯಾರಿಗಾದರೂ ಇದ್ದರೆ, ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಪ್ರಕಾರ ಅದಕ್ಕೆ ಐದು ವರ್ಷದವರೆಗೆ ಜೈಲು.

ಸೆನ್ಸರ್ ಇರುವ ನೀರಿನ ಸ್ಪ್ರೇ ಇವೆಲ್ಲಕ್ಕಿಂತ ಬಲವಾದ ಉಪಾಯ, ಆದರೆ ನಮ್ಮ ಮನೆಗಳಿಗಲ್ಲ. ಇಂಥವು ಎರಡು ಬಾರ್ ಆಸುಪಾಸಿನ ಒತ್ತಡಕ್ಕೆ ಮಾಡಿದವು. ಓವರ್‌ಹೆಡ್ ಟ್ಯಾಂಕಿನಿಂದ ಬರುವ ನೀರಿಗೆ ಪ್ರತಿ ಹತ್ತು ಮೀಟರ್ ಎತ್ತರಕ್ಕೆ ಒಂದು ಬಾರ್ ಲೆಕ್ಕ; ಎರಡಂತಸ್ತಿನ ಮನೆಯಲ್ಲಿ 0.8 ಸಿಕ್ಕರೆ ಹೆಚ್ಚು. ಸ್ಪ್ರೇ ಚಿಮ್ಮುವುದಿಲ್ಲ, ಸುರಿಯುತ್ತದೆ, ಬೆಕ್ಕು ಪಕ್ಕಕ್ಕೆ ಸರಿದು ಕೂರುತ್ತದೆ. ಬೋರ್‌ವೆಲ್ ನೀರಾದರೆ ಪೇಂಟ್ ಮೇಲೆ ಸುಣ್ಣದ ಚುಕ್ಕೆ ಬೇರೆ. ಮೇಲಾಗಿ, 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದಿತ್ತು. ಅಂಥ ಊರಲ್ಲಿ ಬೆಕ್ಕಿಗೆ ನೀರು ಹೊಡೆಯುವ ಯಂತ್ರ ಇಟ್ಟುಕೊಳ್ಳಲು ನನಗೆ ಮನಸ್ಸು ಬರುವುದಿಲ್ಲ.

ಕವರ್ ಪೇಂಟನ್ನು ಉಗುರಿನಿಂದ ಕಾಯುತ್ತದೆ, ಬೆಕ್ಕನ್ನು ಓಡಿಸುವುದಿಲ್ಲ. ಓಡಿಸುವುದಿರಲಿ, ಉಗುರಿಗೆ ಒಳ್ಳೆಯ ಹಿಡಿತ ಸಿಕ್ಕಿ ಇನ್ನೂ ಆರಾಮಾಗಿ ಹತ್ತುತ್ತದೆ. ತೆಳು ಬೆಳ್ಳಿಬಣ್ಣದ ಕವರ್ ವರ್ಷದೊಳಗೆ ಬಾನೆಟ್ ಅಂಚಿನಲ್ಲೇ ತೂತು ಬೀಳುತ್ತದೆ. ತೆಗೆದುಕೊಳ್ಳುವುದಾದರೆ ಒಳಗೆ ಮೆತ್ತನೆ ಪದರ ಇರುವ, ಹೊಟ್ಟೆಯ ಕೆಳಗೆ ಬಕಲ್ ಬರುವ ಕವರ್ ತೆಗೆದುಕೊಳ್ಳಿ. ಬಕಲ್ ಇಲ್ಲದಿದ್ದರೆ ಗಾಳಿಗೆ ಕವರ್ ಪಟಪಟ ಹೊಡೆದುಕೊಂಡು, ಅಡಿಯ ಧೂಳಿನ ಜೊತೆ ಸೇರಿ ಮರಳು ಕಾಗದದ ಕೆಲಸ ಮಾಡುತ್ತದೆ. ಧೂಳಿನ ಕಾರಿಗೆ ಕವರ್ ಹಾಕುವುದಕ್ಕಿಂತ ಹಾಕದಿರುವುದೇ ಮೇಲು.

ಈಗ ಮ್ಯಾಟ್. ಬೆಕ್ಕು ಯಾಕೆ ಬಿಡುತ್ತದೆ ಎಂದರೆ ನೋವಿಗಲ್ಲ, ಕಾಲಿಡಲು ಸಮತಟ್ಟು ಜಾಗ ಸಿಗುವುದಿಲ್ಲ ಎಂಬ ಕಿರಿಕಿರಿಗೆ. ಅಂಗೈಯಿಂದ ಜೋರಾಗಿ ಒತ್ತಿ ನೋಡಿ, ಚುಚ್ಚಬೇಕು, ಗಾಯವಾಗಬಾರದು. ಮುಳ್ಳು ಬಾಗದೆ ಗಟ್ಟಿಯಾಗಿದ್ದರೆ ವಾಪಸ್ ಮಾಡಿ. 40ಕ್ಕೆ 33 ಸೆಂ.ಮೀ. ಅಳತೆಯ ತುಂಡುಗಳಾದರೆ ಅಡ್ಡಕ್ಕೆ ಮೂರು, ಉದ್ದಕ್ಕೆ ಎರಡು, ಹ್ಯಾಚ್‌ಬ್ಯಾಕ್‌ನ ಬಾನೆಟ್ ಮುಚ್ಚುತ್ತದೆ. ಎಸ್‌ಯುವಿಗೆ ಒಂಬತ್ತು ಬೇಕು. ಅಂಚಿನಲ್ಲಿ ನಾಲ್ಕು ಬೆರಳಿಗಿಂತ ಹೆಚ್ಚು ಖಾಲಿ ಬಿಟ್ಟರೆ ಅಲ್ಲೇ ಮಡಚಿಕೊಂಡು ಮಲಗುವಷ್ಟು ಹಟ ಬೆಕ್ಕಿಗಿದೆ.

ಇದರ ಒಂದೇ ಒಂದು ಪೀಡೆ, ನಿಲ್ಲುವುದಿಲ್ಲ. ಬಾನೆಟ್ ಇಳಿಜಾರು, ಜಾಲರಿ ಹಗುರ. ಬೆಕ್ಕು ಒಂದು ಕಾಲಿಟ್ಟರೆ ಸಾಕು, ಇಡೀ ಮ್ಯಾಟ್ ಜಾರಿ ನಂಬರ್ ಪ್ಲೇಟ್ ಮುಂದೆ ನೇತಾಡುತ್ತದೆ. ಜಾರುವಾಗ ಜಾಲರಿಯ ಕೆಳಗಿನ ಚೂಪು ಅಂಚು ಬೆಕ್ಕಿಗಿಂತ ಉದ್ದದ ಗೀರು ಎಳೆಯುತ್ತದೆ. ಮ್ಯಾಟ್‌ಗೆ ಬೈಯುವವರಲ್ಲಿ ಬಹುಪಾಲು ಜನ ಅದನ್ನು ನೇರ ಪೇಂಟ್ ಮೇಲೆ ಇಟ್ಟವರು.

ಮ್ಯಾಟ್ ಕೆಳಗೆ ಬಟ್ಟೆ ಬೇಕೇ ಬೇಕು, ಅದೂ ತೊಳೆದು ತೊಳೆದು ಮೆತ್ತಗಾದ ಹತ್ತಿ ಪಂಚೆ ಅಥವಾ ಬೆಡ್‌ಶೀಟ್, ಎರಡು ಮಡಿಕೆ. ಜಮಖಾನ ಬೇಡ, ಅದರ ನೇಯ್ಗೆಯಲ್ಲಿ ಮರಳು ಕೂರುತ್ತದೆ. ಫ್ಲೆಕ್ಸ್ ಬ್ಯಾನರ್, ರೆಕ್ಸಿನ್ ಬೇಡ, ಬಿಸಿ ಬಾನೆಟ್ ಮೇಲೆ ಬೆವತು ಪೇಂಟ್‌ಗೆ ಅಂಟಿ ಕಲೆ ಬಿಡುತ್ತವೆ. ಜಾಲರಿಯನ್ನು ಬಟ್ಟೆಗೆ ಕೂರಿಸಲು ಕೇಬಲ್ ಟೈ ಸುಲಭ ಅನ್ನಿಸುತ್ತದೆ, ಆದರೆ ಅದರ ಗಂಟಿನ ತಲೆ ಬಟ್ಟೆಯ ಅಡಿಗೆ ಬಂದರೆ ಅಲ್ಲೊಂದು ಗಟ್ಟಿ ಗುಬ್ಬಿ, ಕತ್ತರಿಸಿದ ಬಾಲ ಬ್ಲೇಡಿನಷ್ಟು ಹರಿತ. ದಬ್ಬಳದಲ್ಲಿ ದಪ್ಪ ಹತ್ತಿ ದಾರ ಹಾಕಿ ಪ್ರತಿ ತುಂಡಿನ ನಾಲ್ಕು ಮೂಲೆ, ನಡುವೆ ಒಂದು ಕಡೆ ಹೊಲಿದು, ಗಂಟನ್ನು ಮುಳ್ಳಿನ ಕಡೆಗೇ ಹಾಕಿ. ಅರ್ಧ ಗಂಟೆಯ ಕೆಲಸ.

ಕಟ್ಟುವುದು ಹೇಗೆ? ಮ್ಯಾಗ್ನೆಟ್ ಬೇಡ: ಕಬ್ಬಿಣದ ಕಣ ಎಳೆದುಕೊಂಡು ಅದೇ ಗೀರು ಹಾಕುತ್ತದೆ, ಅಲ್ಯೂಮಿನಿಯಂ ಬಾನೆಟ್‌ಗೆ ಅಂಟುವುದೂ ಇಲ್ಲ. ವೈಪರ್ ಅಡಿಗೆ ಸಿಕ್ಕಿಸಿದರೆ ಬೆಳಿಗ್ಗೆ ಮರೆತು ವೈಪರ್ ಹಾಕಿದವರು ಮೋಟರ್‌ಗೆ ದುಡ್ಡು ಕೊಡಬೇಕಾಗುತ್ತದೆ. ನಡೆಯುವ ದಾರಿ ಇದು: ಬಟ್ಟೆಯ ಹಿಂಬದಿ ಎರಡು ಮೂಲೆಗೆ ಕಿವಿಯಂತೆ ಪಟ್ಟಿ ಹೊಲಿದು ಮುಂದಿನ ಎರಡೂ ಬಾಗಿಲ ಸಂದಿಗೆ ಕೊಟ್ಟು ಬಾಗಿಲು ಹಾಕುವುದು. ಡ್ರೈವರ್ ಕಡೆಯ ಪಟ್ಟಿ ಕೆಂಪಿರಲಿ, ತೆಗೆಯದೆ ಹೊರಡುವ ಭಯವಿಲ್ಲ. ಪಟ್ಟಿಯನ್ನು ಮಾತ್ರ ಹತ್ತಿಯಲ್ಲಿ ಮಾಡಬೇಡಿ, ಹಳೇ ಛತ್ರಿಯ ನೈಲಾನ್ ಬಟ್ಟೆ ತೆಗೆದುಕೊಳ್ಳಿ. ಹತ್ತಿ ಪಟ್ಟಿ ಒಂದೇ ಒಂದು ಮಳೆಗೆ ದೀಪದ ಬತ್ತಿ ಎಣ್ಣೆ ಎಳೆದಂತೆ ನೀರನ್ನು ರಬ್ಬರ್ ಬೀಡಿಂಗ್ ದಾಟಿಸಿ ಒಳಗಿನ ಕಾರ್ಪೆಟ್‌ಗೆ ಇಳಿಸುತ್ತದೆ, ಆ ಮುಗ್ಗುಲು ವಾಸನೆ ಬೇಗ ಹೋಗುವಂಥದ್ದಲ್ಲ. ಮುಂದಿನ ಅಂಚಿಗೆ ಭಾರ ಬೇಕು. ಸೈಕಲ್ ಟ್ಯೂಬ್‌ನ ಮೂರಡಿ ತುಂಡಿಗೆ ಒಣ ಮರಳು ತುಂಬಿ, ಎರಡು ತುದಿ ಬಿಗಿದು, ಬಟ್ಟೆಯ ಅಂಚನ್ನು ಮಡಚಿ ಅದರೊಳಗೆ ಹೊಲಿಯಿರಿ. ರಬ್ಬರ್ ನೇರ ಪೇಂಟ್‌ಗೆ ತಾಗಿದರೆ ಕಪ್ಪು ಗುರುತು ಬೀಳುತ್ತದೆ. ಮರಳಿನ ಬದಲು ರಾಗಿ, ಅಕ್ಕಿ ತುಂಬುವ ಜಾಣತನ ಬೇಡ, ಬೆಕ್ಕು ಹೋದ ಜಾಗಕ್ಕೆ ಇಲಿ ಬರುತ್ತದೆ.

ಮುಳ್ಳು ಶಾಶ್ವತವಲ್ಲ. ಬಿಸಿಲಿಗೆ ಪ್ಲಾಸ್ಟಿಕ್ ಒಣಗಿ ಒಂದೆರಡು ಬೇಸಿಗೆಯಲ್ಲಿ ಮುಳ್ಳು ಪಟಕ್ಕನೆ ಮುರಿಯತೊಡಗುತ್ತದೆ. ಬಟ್ಟೆಯನ್ನು ಹದಿನೈದು ದಿನಕ್ಕೊಮ್ಮೆ ಕೊಡವಿ, ಬಿಸಿನೀರಿಲ್ಲದೆ ತೊಳೆಯಿರಿ.

ರೂಫ್‌ಗೆ ಬೇರೆ ಮ್ಯಾಟ್ ಬೇಕೇ? ಬಹುತೇಕ ಬೇಡ, ಬೆಕ್ಕಿಗೆ ಬಾನೆಟ್ಟೇ ಮೆಟ್ಟಿಲು. ಆದರೆ ಕಾಂಪೌಂಡ್ ಗೋಡೆ ಕಾರಿಗೆ ಮೂರು ನಾಲ್ಕು ಅಡಿ ಹತ್ತಿರವಿದ್ದರೆ ಅದು ಅಲ್ಲಿಂದಲೇ ರೂಫ್‌ಗೆ ಹಾರುತ್ತದೆ. ಪಕ್ಕದಲ್ಲಿ ನಿಲ್ಲಿಸಿದ ಸ್ಕೂಟರ್ ಸೀಟೂ ಮೆಟ್ಟಿಲೇ. 30×40 ಸೈಟಿನ ಮನೆಯಲ್ಲಿ ಗೋಡೆಯಿಂದ ದೂರ ನಿಲ್ಲಿಸಿ ಎಂದು ಯಾರಿಗೆ ಹೇಳುವುದು! ಅಂಥ ಕಡೆ ಮಿಕ್ಕ ತುಂಡುಗಳನ್ನು ಗೋಡೆಯ ಮೇಲೆ ಹಾಸುವುದು ಕಾರಿನ ಮೇಲೆ ಹಾಸುವುದಕ್ಕಿಂತ ವಾಸಿ.

ಬಾನೆಟ್ ಮೇಲಿನ ದಾರಿ ಮುಚ್ಚಿದಾಗ ಮರಿಗಳು ಕೆಳಗಿನ ದಾರಿ ಹಿಡಿಯುತ್ತವೆ. ಮುಂದಿನ ಚಕ್ರದ ಕಮಾನಿನ ಪಕ್ಕದಿಂದ ಎಂಜಿನ್ ಹತ್ತಿರಕ್ಕೆ ಏರಿ, ಫ್ಯಾನ್ ಬೆಲ್ಟ್ ಬಳಿ ಬೆಚ್ಚಗೆ ಕೂರುತ್ತವೆ. ಇದಕ್ಕೆ ಮ್ಯಾಟೂ ಇಲ್ಲ, ಕವರೂ ಇಲ್ಲ. ಚಳಿಗಾಲದಲ್ಲಿ ಸ್ಟಾರ್ಟ್ ಮಾಡುವ ಮುಂಚೆ ಬಾನೆಟ್‌ಗೆ ಎರಡೇಟು ಬಡಿದು, ಹಾರ್ನ್ ಹೊಡೆದು, ಅರ್ಧ ನಿಮಿಷ ಕಾಯಿರಿ. ಕಾರಿನಿಂದ ಹತ್ತಡಿ ದೂರದಲ್ಲಿ, ಮೆಟ್ಟಿಲ ಕೆಳಗೋ ಎತ್ತರದ ಕಟ್ಟೆಯ ಮೇಲೋ ಒಂದು ರಟ್ಟಿನ ಡಬ್ಬದಲ್ಲಿ ಗೋಣಿಚೀಲ ಮಡಚಿಟ್ಟರೆ ಕೆಲಸ ಇನ್ನೂ ಹಗುರ, ಖರ್ಚು ಸೊನ್ನೆ. ಬೆಕ್ಕನ್ನು ಬೀದಿಯಿಂದಲೇ ಓಡಿಸುವುದು ನನಗೆ ಬೇಡ. ಇಲಿ ಕಡಿದ ವೈರಿಂಗ್‌ನ ಬಿಲ್ಲಿನ ಮುಂದೆ ನಾಲ್ಕು ಗೀರಿನ ಪಾಲಿಷ್ ಏನೂ ಅಲ್ಲ.

ಗಂಡುಬೆಕ್ಕು ಟೈರಿಗೆ ಉಚ್ಚೆ ಹೊಡೆಯುವುದು ಬೇರೆಯೇ ಕಥೆ. ಅಮೋನಿಯಾ ಇರುವ ಕ್ಲೀನರ್‌ನಿಂದ ತೊಳೆದರೆ ಇನ್ನೊಂದು ಗಂಡು ಗುರುತು ಹಾಕಿದೆ ಎಂದು ಮತ್ತೆ ಹೊಡೆಯುತ್ತದೆ. ಸಾಕುಪ್ರಾಣಿಗಳ ಅಂಗಡಿಯ ಎನ್‌ಜೈಮ್ ಕ್ಲೀನರ್ ಬೇಕು. ಸಂತಾನಹರಣ ಮಾಡಿಸಿದ ಗಂಡುಗಳಲ್ಲಿ ಈ ಚಾಳಿ ಬಹಳ ಮಟ್ಟಿಗೆ ನಿಲ್ಲುತ್ತದೆ.

ನನ್ನ ಲೆಕ್ಕ ನನ್ನ ರೂಢಿಯದು: ಮೇಲೆ ಸೂರಿದೆ, ಕಾರು ವಾರಕ್ಕೆ ಎರಡು ಮೂರು ಸಲ ಹೊರಡುತ್ತದೆ, ಈ ವಿಷಯಕ್ಕೆ 1,000 ರೂಪಾಯಿ ದಾಟಲು ಮನಸ್ಸಿಲ್ಲ. ಮ್ಯಾಟ್ ಹಾಸಲು ಅರ್ಧ ನಿಮಿಷ, ಸುತ್ತಿ ಡಿಕ್ಕಿಗೆ ಹಾಕಲು ಅಷ್ಟೇ. ಸೂರಿಲ್ಲದೆ ರಸ್ತೆಯಲ್ಲಿ ನಿಲ್ಲಿಸುವವರಿಗೆ ಇದು ಆಗದು, ರಾತ್ರಿ ಬೆಳಗಾಗುವುದರೊಳಗೆ ಯಾರಾದರೂ ಎತ್ತಿಕೊಂಡು ಹೋಗುತ್ತಾರೆ. ಬಕಲ್ ಕವರ್ರೇ ಗತಿ. ಹೊಸ ಕಾರು, ಕಡುಬಣ್ಣ, ಕೈಯಲ್ಲಿ ಹತ್ತು ಹದಿನೈದು ಸಾವಿರ ಇದ್ದರೆ ಬಾನೆಟ್‌ಗೆ ಮಾತ್ರ ಪಿಪಿಎಫ್, ಅಂದರೆ ಪೇಂಟ್ ಕಾಯುವ ಪಾರದರ್ಶಕ ಫಿಲ್ಮ್, ಹಾಕಿಸಿ ಬೆಕ್ಕಿನ ಪಾಡಿಗೆ ಬೆಕ್ಕನ್ನು ಬಿಡಿ. 150ರಿಂದ 200 ಮೈಕ್ರಾನ್ ದಪ್ಪದ ಆ ಫಿಲ್ಮ್ ಉಗುರಿಗೆ ಬಗ್ಗುವುದಿಲ್ಲ, ಸಣ್ಣ ಗೆರೆ ಬಿಸಿಲಿಗೆ ತಾನೇ ಕೂಡಿಕೊಳ್ಳುತ್ತದೆ. ಅದೇ ದುಡ್ಡಿಗೆ ಸೆರಾಮಿಕ್ ಕೋಟಿಂಗ್ ಮಾರಲು ಬಂದವರು 9ಎಚ್ ಎಂದರೆ ಕೇಳಿಸಿಕೊಂಡು ಸುಮ್ಮನಿರಿ. ಅದು ಪೆನ್ಸಿಲ್ ಮೊನೆಯ ಗಡಸುತನದ ಅಳತೆ, ಪದರದ ದಪ್ಪ ಒಂದೆರಡು ಮೈಕ್ರಾನ್ ಅಷ್ಟೇ.