ನೆಟ್ಟು ಬೆಳೆಸಿದ ಎಳೇ ಕಾಡಲ್ಲಿ ಸ್ವಯಂಸೇವಕರ ಜೊತೆ ಸುತ್ತಾಟ: 5ಕ್ಕೆ 4

ದೊಡ್ಡ ಪ್ರಾಣಿ ಕಾಣ್ಬೇಕು ಅಂತ ಹೋಗೋರಿಗೆ ಇದಲ್ಲ, ಮೊದ್ಲೇ ಹೇಳ್ಬಿಡ್ತೀನಿ. ಮರಗಳಿನ್ನೂ ಎಳೇವು, ಕೆಲವು ನಮ್ಮೆತ್ತರಕ್ಕೂ ಬಂದಿಲ್ಲ, ಆದ್ರೆ ಕರ್ಕೊಂಡು ಹೋಗೋರು ಆ ಗಿಡ ನೆಟ್ಟು ನೀರು ಹಾಕಿದೋರೇ ಆಗಿರೋದ್ರಿಂದ ಯಾವ ಪೊದೇಲಿ ಏನಿದೆ ಅಂತ ಅವ್ರಿಗೆ ಬಾಯಿಪಾಠ.

ಒಂದು ಎಲೆ ಅಂಚಲ್ಲಿ ಕತ್ತರೀಲಿ ಕತ್ತರಿಸಿದಂಗೆ ದುಂಡಗೆ ಕಟ್ ಆಗಿತ್ತು. ಕಂಬಳಿಹುಳ ತಿಂದಿದ್ದಲ್ವಂತೆ, ಎಲೆ ಕತ್ತರಿಸೋ ಒಂಟಿ ಜೇನು (ಗುಂಪು ಕಟ್ಟದೆ ಒಂಟಿಯಾಗೇ ಗೂಡು ಮಾಡೋ ಜಾತಿ) ಗೂಡಿಗೆ ಒಯ್ದಿದ್ದು, ಆ ತುಂಡನ್ನ ಸುರುಳಿ ಸುತ್ತಿ ಒಳಗೆ ಪರಾಗ ತುಂಬಿ ಒಂದೊಂದೇ ಮೊಟ್ಟೆ ಇಡುತ್ತಂತೆ! ಆಮೇಲೆ ಕೊಳೀತಾ ಬಿದ್ದಿದ್ದ ಕೊರಡು ಎತ್ತಿದ್ರು, ಕೆಳಗೆ ಸಹಸ್ರಪದಿ ಮುದುಡ್ಕೊಂಡಿತ್ತು, ಶತಪದಿ ಸರ್ರಂತ ಓಡೋಯ್ತು. ನೋಡಾದ್ಮೇಲೆ ಇದ್ದಂಗೇ ವಾಪಸ್ ಇಟ್ರು, ಅದು ನಂಗೆ ತುಂಬಾ ಇಷ್ಟ ಆಯ್ತು.

ಚಿಟ್ಟೆ ಅಂತೂ ಎಲ್ಲಿ ನೋಡಿದ್ರೂ. ಕೊಂಬೆಗಳು ಇನ್ನೂ ಕೂಡಿಲ್ಲ, ಬಿಸಿಲು ನೆಲ ಮುಟ್ಟುತ್ತೆ, ಹುಲ್ಲು ಹೂವು ಜಾಸ್ತಿ ಅದಕ್ಕೇ, ನೆರಳು ದಟ್ಟ ಆದ್ಮೇಲೆ ಬಿಸಿಲು ಬೇಕಾಗಿರೋವು ಕಮ್ಮಿ ಆಗ್ತವಂತೆ. ಎಳೇ ಮರದಲ್ಲಿ ಪೊಟರೆ ಇರಲ್ವಲ್ಲ, ಹಕ್ಕಿಗಳಿಗೆ ಅಂತ ಮರದ ಪೆಟ್ಟಿಗೆ ಕಟ್ಟಿದಾರೆ.

ಮೈನಸ್ ಅಂದ್ರೆ ಗುಂಪು ದೊಡ್ಡದು, ಹಿಂದಿದ್ದೋರಿಗೆ ಅರ್ಧ ಮಾತು ಕೇಳ್ಸಲ್ಲ, ಕೇಳ್ಸಿಲ್ಲ ಅಂತ ಅವ್ರು ಹರಟೆ ಶುರು ಮಾಡ್ತಾರೆ, ಹಕ್ಕಿ ಹಾರೋಗುತ್ತೆ. ಬೈನಾಕ್ಯುಲರೂ ಹಂಚ್ಕೋಬೇಕು, ನಿಮ್ದಿದ್ರೆ ತಗೊಂಡೋಗಿ. ತುಂಬುತೋಳಿನ ಬಟ್ಟೆ, ಶೂ ಬೇಕೇ ಬೇಕು. ಮಕ್ಕಳಿದ್ರೆ ಕರ್ಕೊಂಡು ಹೋಗಿ, ಹುಳ ಹುಡುಕೋದ್ರಲ್ಲಿ ಅವ್ರೇ ಫಾಸ್ಟು.