ಫ್ಯಾನೋ, ಚಿಲ್ಲರೋ: ಒಂದೇ ತೊಟ್ಟಿ, ಎರಡು ಊರು

ಬೆಂಗಳೂರಿನಲ್ಲಿದ್ದಾಗ, ಮೀನಿನ ತೊಟ್ಟಿಗೆ ಚಿಲ್ಲರ್, ಅಂದರೆ ನೀರು ತಂಪು ಮಾಡುವ ಯಂತ್ರ, ಕೊಳ್ಳುವವರನ್ನು ಕಂಡರೆ ದುಡ್ಡು ಹೆಚ್ಚಾದವರು ಎಂದುಕೊಳ್ಳುತ್ತಿದ್ದೆ. ಮಂಗಳೂರಿಗೆ ಬಂದ ಮೊದಲ ಮೇ ತಿಂಗಳಲ್ಲೇ ಆ ಮಾತನ್ನು ನುಂಗಿಕೊಂಡೆ. ತೊಟ್ಟಿ ಅದೇ: 200 ಲೀಟರ್ ಉಪ್ಪುನೀರು, ಒಂದು ಜೋಡಿ ಕ್ಲೌನ್ ಮೀನು, ಎರಡು ಬ್ಯಾಂಗೈ ಕಾರ್ಡಿನಲ್ ಮೀನು. ಬದಲಾದದ್ದು ಗಾಳಿ ಮಾತ್ರ.

ಬೆಂಗಳೂರಿನ ಏಪ್ರಿಲ್‌ನಲ್ಲಿ 12 ವೋಲ್ಟಿನ ಎರಡು ಪುಟ್ಟ ಫ್ಯಾನ್‌ಗಳನ್ನು ನೀರಿನ ಮೇಲೆ ಓರೆಯಾಗಿ ಕೂರಿಸಿದ್ದೆ. 30 ಡಿಗ್ರಿಯಲ್ಲಿದ್ದ ನೀರು ರಾತ್ರಿಯಾಗುವಷ್ಟರಲ್ಲಿ 26.5ಕ್ಕೆ ಇಳಿಯುತ್ತಿತ್ತು. ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಾಗುವ ಲೆಕ್ಕವೇ ಇದು. ಒಂದು ಲೀಟರ್ ನೀರು ಆವಿಯಾಗಲು ಬೇಕಾದ ಶಾಖವನ್ನು ತೊಟ್ಟಿಯಿಂದಲೇ ಎಳೆದುಕೊಂಡರೆ, ಉಳಿದ 200 ಲೀಟರ್ ಸುಮಾರು ಮೂರು ಡಿಗ್ರಿ ತಂಪಾಗಬಲ್ಲದು. ಖರ್ಚು ಬಲ್ಬಿಗಿಂತ ಕಡಿಮೆ.

ಒಂದೇ ತೊಡಕು: ಆವಿಯಾಗುವುದು ನೀರು, ಉಪ್ಪಲ್ಲ. ಮೊದಲ ವಾರ ನಾನು ದಿನಕ್ಕೆ ಮೂರು ಲೀಟರ್‌ನಂತೆ ಉಪ್ಪುನೀರನ್ನೇ ಸುರಿದು ಮಟ್ಟ ಸರಿಮಾಡಿದೆ. ವಾರದ ಕೊನೆಗೆ, ನೀರಿನ ಸಾಂದ್ರತೆಯಿಂದ ಉಪ್ಪಿನಂಶ ತಿಳಿಸುವ ಹೈಡ್ರೋಮೀಟರ್ 1.025ರ ಬದಲು 1.028 ತೋರಿಸಿತು. ಮೀನುಗಳು ಸಹಿಸಿಕೊಂಡವು, ನಾನು ಮಾತ್ರ ಅಂದಿನಿಂದ ಮಟ್ಟ ಸರಿಮಾಡಲು ಉಪ್ಪಿಲ್ಲದ ಆರ್‌ಒ ನೀರಿನ ಕ್ಯಾನನ್ನು ತೊಟ್ಟಿಯ ಪಕ್ಕದಲ್ಲೇ ಇಟ್ಟುಕೊಂಡೆ.

ಅದೇ ಫ್ಯಾನ್‌ಗಳು ಮಂಗಳೂರಿನಲ್ಲಿ ಹಗಲಿಡೀ ತಿರುಗಿ ಇಳಿಸಿದ್ದು ಬರೀ ಒಂದು ಡಿಗ್ರಿ. 31.5 ಇದ್ದದ್ದು 30.5 ಆಯಿತು. ಮೈಯ ಬೆವರೇ ಆರದ ಸೆಖೆಯಲ್ಲಿ ತೊಟ್ಟಿಯ ನೀರು ಆರುವುದಾದರೂ ಹೇಗೆ? ಪಕ್ಕದ ಮನೆಯವರು, "ಸಮುದ್ರವೇ ಬಿಸಿಯಾಗಿದೆಯಲ್ಲ ಮಾರಾಯರೇ, ನಿಮ್ಮ ಮೀನಿಗೇನು ವಿಶೇಷ?" ಎಂದರು. ಮಳೆಗಾಲಕ್ಕೆ ಮುಂಚೆ ಇಲ್ಲಿ ಕಡಲ ಮೇಲ್ಮೈ 30 ದಾಟುವುದು ನಿಜವೇ. ಆದರೆ ಕಡಲ ಮೀನು ಆಳಕ್ಕೆ ಇಳಿಯಬಹುದು. ನನ್ನ ತೊಟ್ಟಿಯ ಆಳ ಒಂದೂವರೆ ಅಡಿ.

ನಡುವೆ ಮಂಜುಗಡ್ಡೆಯನ್ನೂ ಬಳಸಿ ನೋಡಿದೆ. ಹೆಪ್ಪುಗಟ್ಟಿಸಿದ ಎರಡು ಲೀಟರಿನ ಬಾಟಲಿ ತೇಲಿಬಿಟ್ಟರೆ ಒಂದು ಡಿಗ್ರಿ ಇಳಿಯುತ್ತದೆ, ಸಂಜೆಗೆ ಮತ್ತೆ ಅಲ್ಲಿಗೇ ಬರುತ್ತದೆ. ಈ ಏರಿಳಿತ ಮೀನಿಗೆ ಒಳ್ಳೆಯದಲ್ಲ, ಫ್ರೀಜರಿನಲ್ಲಿ ಬೇರೇನಕ್ಕೂ ಜಾಗವಿಲ್ಲ. ಇಡೀ ದಿನ ಹಾಲ್‌ನ ಎಸಿ ಹಾಕುವ ಯೋಚನೆ ಒಂದೇ ಬಿಲ್ಲಿಗೆ ಮುಗಿಯಿತು.

ಕೊನೆಗೆ ತಂದದ್ದು ಹತ್ತರಲ್ಲೊಂದು ಎಚ್‌ಪಿಯ ಚಿಲ್ಲರ್. ಅಂದಕ್ಕೆಂದು ಅದನ್ನು ತೊಟ್ಟಿಯ ಕೆಳಗಿನ ಕಪಾಟಿನೊಳಗೆ ಇಟ್ಟು ಬಾಗಿಲು ಹಾಕಿದೆ. ತಾನು ಬಿಟ್ಟ ಬಿಸಿಗಾಳಿಯನ್ನೇ ತಾನು ಎಳೆದುಕೊಂಡು, ಅದು ಎರಡು ದಿನ ಬಿಡುವಿಲ್ಲದೆ ಓಡಿತು. ನೀರು 28ರಿಂದ ಕೆಳಗಿಳಿಯಲಿಲ್ಲ. ಹೊರಗೆ ತೆಗೆದು, ಗೋಡೆಯಿಂದ ಒಂದು ಅಡಿ ಬಿಟ್ಟು ಇಟ್ಟ ಮೇಲೆ 26.5ಕ್ಕೆ ಬಂದು ನಿಂತಿತು. ಈಗ ದಿನಕ್ಕೆ ಏಳೆಂಟು ಗಂಟೆ ಓಡಿದರೆ ಸಾಕು. ಸದ್ದು ಹಳೆಯ ಫ್ರಿಜ್ಜಿನಷ್ಟು. ತೊಟ್ಟಿಯಿಂದ ತೆಗೆದ ಶಾಖವೆಲ್ಲ ಹಾಲ್‌ಗೇ ಬರುವುದರಿಂದ ಅಮ್ಮನ ತಕರಾರು ಮುಗಿದಿಲ್ಲ: "ಮೀನಿಗೆ ತಂಪು, ನಮಗೆ ಸೆಖೆಯೋ?"

ಒಣಹವೆಯ ಊರಿನವರಿಗೆ ಚಿಲ್ಲರ್ ಬೇಡವೇ ಬೇಡ ಎನ್ನುತ್ತೇನೆ. ಕರಾವಳಿಯವರು ಫ್ಯಾನಿಗೆ ದುಡ್ಡು ಹಾಕುವ ಬದಲು ನೇರವಾಗಿ ಚಿಲ್ಲರ್ ತಂದರೆ ಒಂದು ಬೇಸಿಗೆಯ ತಲೆನೋವು ತಪ್ಪುತ್ತದೆ. ಹಾಗೆಂದು ನನ್ನ ಹಳೆಯ ಫ್ಯಾನ್‌ಗಳನ್ನು ಎಸೆದಿಲ್ಲ. ಕರೆಂಟು ಹೋದಾಗ ನನ್ನ ಇನ್ವರ್ಟರ್ ಚಿಲ್ಲರನ್ನು ಹೊರುವುದಿಲ್ಲ, ಫ್ಯಾನ್‌ಗಳನ್ನು ಹೊರುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. ಫ್ಯಾನ್ ಮೇಲ್ಮೈಯನ್ನು ಕಲಕುತ್ತಿದ್ದರೆ ಅಷ್ಟಾದರೂ ಆಸರೆ. ತಿಂಗಳಿಗೊಮ್ಮೆ ರೆಕ್ಕೆಗಳಿಗೆ ಹತ್ತಿದ ಉಪ್ಪಿನ ಬಿಳಿ ಹಕ್ಕಳೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೆ ಸಿಕ್ಕಿಸುತ್ತೇನೆ.