ಹೊಸ ಮ್ಯೂಸಿಕಲ್ ಬರೋವರೆಗೆ ‘ಮಮ್ಮಾ ಮಿಯಾ!’ ನೋಡೋದಾ, ‘ಜರ್ಸಿ ಬಾಯ್ಸ್’ ನೋಡೋದಾ?

ಹಳೇ ಪಾಪ್ ಗುಂಪಿನ ಹೊಸ ಮ್ಯೂಸಿಕಲ್‌ಗೆ (ಹಾಡು-ಕುಣಿತದ ನಾಟಕಕ್ಕೆ) ಕಾಯ್ತಾ ಇದ್ದೀರಿ, ಅಷ್ಟರೊಳಗೆ ಇವೆರಡರಲ್ಲಿ ಯಾವುದು ನೋಡ್ಲಿ ಅಂತ ಕೇಳಿದ್ರಿ. ಎರಡರಲ್ಲೂ ಹಾಡು ಹಳೆಯವೇ, ಕತೆ ಕಟ್ಟಿರೋ ರೀತಿ ಬೇರೆ.

1999ರಲ್ಲಿ ಲಂಡನ್‌ನಲ್ಲಿ ಶುರುವಾದ ‘ಮಮ್ಮಾ ಮಿಯಾ!’ದಲ್ಲಿ ಹಾಡು ಸ್ವೀಡನ್‌ನ ಪಾಪ್ ಗುಂಪು ಆಬಾದ್ದು, ಆದರೆ ಆಬಾದವರು ಪಾತ್ರಗಳೇ ಅಲ್ಲ. ಗ್ರೀಸಿನ ದ್ವೀಪದಲ್ಲಿ ಮದುವೆ ಹುಡುಗಿ, ಅಪ್ಪ ಯಾರಂತ ತಿಳಿಯೋಕೆ ಮೂವರನ್ನ ಕರೆಸ್ತಾಳೆ. ಅಲ್ಲಲ್ಲಿ ಹಾಡಿಗೋಸ್ಕರ ಕತೆ ಬಾಗುತ್ತೆ. ಕಾಲು ಕುಣಿಯೋವಾಗ ಅದನ್ನ ಯಾರು ನೋಡ್ತಾರೆ!

2005ರಲ್ಲಿ ನ್ಯೂಯಾರ್ಕಿನ ನಾಟಕಗಳ ತಾಣ ಬ್ರಾಡ್‌ವೇಗೆ ಬಂದ ‘ಜರ್ಸಿ ಬಾಯ್ಸ್’ ಅಮೆರಿಕದ ಪಾಪ್ ಗುಂಪು ಫೋರ್ ಸೀಸನ್ಸ್‌ನದೇ ಬದುಕು. ನಾಲ್ವರೂ ಸರದಿ ಮೇಲೆ ಕತೆ ಹೇಳ್ತಾರೆ: ಒಬ್ಬ ಮಾಡಿದ ಸಾಲ, ಉಳಿದವರ ತಲೆಗೆ. ಹಾಡು ಹುಟ್ಟೋದು, ಗುಂಪು ಒಡೆಯೋದು ಎರಡೂ ಕಣ್ಣೆದುರಿಗೆ. ನನಗೆ ಇದೇ ಹೆಚ್ಚು ಹಿಡಿಸಿದ್ದು. ಬೈಗುಳ ಜಾಸ್ತಿ, ಮಕ್ಕಳಿದ್ರೆ ಬೇಡ.

ಖರ್ಚಿನ ಚಿಂತೆ ಇಲ್ಲ, ಎರಡೂ ಸಿನಿಮಾ ಆಗಿವೆ (2008, 2014). ಮನೆಮಂದಿಯೆಲ್ಲ ಸೇರಿ ಹಾಡೋದಾದ್ರೆ ಮೊದಲನೆಯದು. ಹೊಸದರಲ್ಲಿ ಗುಂಪಿನ ಒಳಗುಟ್ಟು ಹುಡುಕೋರಾದ್ರೆ ಎರಡನೆಯದು.